ಬೀಗ ಹಾಕುವ ಮುಂಚೆ ನೆಟ್ ಆಫ್ ಮಾಡಿ ನೋಡಿ

ಯಂತ್ರಗಳ ಮ್ಯಾನುವಲ್ ತಯಾರಿಸುವುದು ನನ್ನ ಕೆಲಸ. ಈಗೆಲ್ಲ ಮ್ಯಾನುವಲ್ ವೆಬ್‌ನಲ್ಲೇ ಇರುತ್ತದೆ. ಆದರೆ ಅದು ಬೇಕಾಗುವ ಮೆಕ್ಯಾನಿಕ್ ಇರುವುದು ಸಿಗ್ನಲ್ ಸಿಗದ ಪಂಪ್‌ಹೌಸ್‌ನಲ್ಲಿ. ಹಾಗಾಗಿ ವೆಬ್ ಪುಟಗಳನ್ನೆಲ್ಲ ಸೇರಿಸಿ, ನೆಟ್ ಇಲ್ಲದೆಯೂ ತೆರೆಯುವ ಒಂದೇ ಫೈಲ್ ಮಾಡಿ ಕೊಡುತ್ತೇವೆ.

ಮೀಟಿಂಗ್‌ನಲ್ಲಿ ಮೊದಲು ಬರುವ ಮಾತು, "ಯಾರೂ ಕಾಪಿ ಮಾಡಬಾರದು, ಲಾಕ್ ಹಾಕಿ." ನಾನು ಕೇಳುವುದು ಇಷ್ಟೇ: ಯಾರಿಂದ ಕಾಪಾಡಬೇಕು ಸರ್?

ಪಿಡಿಎಫ್‌ನಲ್ಲಿ ಎರಡು ಥರದ ಪಾಸ್‌ವರ್ಡ್ ಇವೆ. ತೆರೆಯುವುದಕ್ಕೆ ಕೇಳುವ ಪಾಸ್‌ವರ್ಡ್ ನಿಜವಾದ ಬೀಗ. ಪ್ರಿಂಟ್, ಕಾಪಿ ಬೇಡ ಅನ್ನುವ ಇನ್ನೊಂದು ಬರೀ ವಿನಂತಿ. ಪುಟ ಹೇಗೂ ಕಣ್ಣೆದುರು ತೆರೆದಿರುತ್ತದೆ, ಮಾತು ಕೇಳುವುದು ಬಿಡುವುದು ರೀಡರ್ ಸಾಫ್ಟ್‌ವೇರ್‌ಗೆ ಬಿಟ್ಟಿದ್ದು. ಇನ್ನು ವೆಬ್ ಪುಟಗಳನ್ನು ಇಎಕ್ಸ್‌ಇ ಫೈಲ್, ಅಂದರೆ ಕಂಪ್ಯೂಟರ್‌ನಲ್ಲಿ ಓಡುವ ಪ್ರೋಗ್ರಾಂ, ಮಾಡುವ ಸಾಫ್ಟ್‌ವೇರ್‌ಗಳೂ ಇವೆ. ಅವು ವಿಂಡೋಸ್‌ಗೆ ಸರಿ. ಮೆಕ್ಯಾನಿಕ್ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್, ಅಲ್ವಾ?

ನಾನು ಜಾಸ್ತಿ ಬಳಸುವುದು ಇಪಬ್ ಅನ್ನುವ ಇ-ಪುಸ್ತಕದ ಫೈಲ್. ಅದು ಒಳಗಿನಿಂದ ಒಂದು ಜಿಪ್ ಫೈಲ್. ವೆಬ್ ಪುಟ, ಚಿತ್ರ, ಸ್ಟೈಲ್ ಎಲ್ಲ ಅದರೊಳಗೇ ಇರುತ್ತವೆ. ಇಪಬ್‌ಚೆಕ್ ಅನ್ನುವ ಉಚಿತ ಸಾಫ್ಟ್‌ವೇರ್ ತಪ್ಪುಗಳನ್ನು ಹಿಡಿದು ಕೊಡುತ್ತದೆ. ಆದರೆ ಅದು ಪಾಸ್ ಅಂದರೂ ನಾನು ಅಲ್ಲಿಗೆ ಬಿಡುವುದಿಲ್ಲ. ಚಿತ್ರಗಳು ಇಪಬ್ ಒಳಗೇ ಇರಬೇಕು ಅನ್ನುವ ಇಪಬ್ 3ನೇ ಆವೃತ್ತಿಯ ನಿಯಮ, ಫಾಂಟ್ ಮತ್ತು ವಿಡಿಯೊ ಹೊರಗಿನ ಸರ್ವರ್‌ನಲ್ಲಿದ್ದರೂ ಒಪ್ಪುತ್ತದೆ. ಆಫೀಸಿನ ವೈಫೈನಲ್ಲಿ ಎಲ್ಲ ಚೆಂದ ಕಾಣುತ್ತದೆ. ಏರ್‌ಪ್ಲೇನ್ ಮೋಡ್ ಹಾಕಿದಾಗ ನಿಜ ಗೊತ್ತಾಗುತ್ತದೆ: ವಿಡಿಯೊ ಜಾಗದಲ್ಲಿ ಖಾಲಿ ಚೌಕ, ಕನ್ನಡ ಫಾಂಟ್ ಇಲ್ಲದ ಹಳೆ ಟ್ಯಾಬ್‌ನಲ್ಲಿ ಅಕ್ಷರದ ಬದಲು ಸಾಲುಸಾಲು ಡಬ್ಬಿ. ಅದಕ್ಕೇ ಫಾಂಟನ್ನು ಇಪಬ್ ಒಳಗೇ ಸೇರಿಸಿ, ಫೋನ್ ಮೊದಲೇ ಇಳಿಸಿಟ್ಟುಕೊಂಡ ಪ್ರತಿಗಳನ್ನು (ಕ್ಯಾಶ್) ಅಳಿಸಿ, ನೆಟ್ ಆಫ್ ಮಾಡಿ, ಇರುವುದರಲ್ಲೇ ಹಳೆಯ ಫೋನಿನಲ್ಲಿ ಒಂದೊಂದು ಲಿಂಕ್ ಒತ್ತಿ ನೋಡುತ್ತೇನೆ. ಬೇಜಾರಿನ ಕೆಲಸವೇ. ಆದರೂ ಇದನ್ನು ಬಿಡಬೇಡಿ.

ಮ್ಯಾನುವಲ್‌ಗೆ ಕಳ್ಳತನಕ್ಕಿಂತ ದೊಡ್ಡ ಅಪಾಯ ಯಾರೋ ಒಂದು ಅಂಕಿ ಬದಲಿಸಿ ವಾಟ್ಸಾಪ್‌ನಲ್ಲಿ ಕಳಿಸುವುದು. ಬೋಲ್ಟ್ ಬಿಗಿಯುವ ಅಳತೆ ತಪ್ಪಿದರೆ ಕೈಬೆರಳು ಹೋಗಬಹುದು. ಇದಕ್ಕೆ ಪಾಸ್‌ವರ್ಡ್ ಉಪಯೋಗಕ್ಕೆ ಬರುವುದಿಲ್ಲ. ಫೈಲ್ ಯಾರದು, ಆಮೇಲೆ ಬದಲಾಗಿದೆಯೇ ಅಂತ ತೋರಿಸುವ ಡಿಜಿಟಲ್ ಸಹಿ ಬೇಕು. ಇಪಬ್‌ನಲ್ಲಿ ಸಹಿಗೆ ಜಾಗವಿದೆ, ಆದರೆ ಬಹಳಷ್ಟು ರೀಡರ್‌ಗಳು ಅದನ್ನು ನೋಡುವುದೇ ಇಲ್ಲ. ಹಾಗಾಗಿ ಫೈಲ್‌ನ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಫೈಲ್‌ನಿಂದ ಲೆಕ್ಕ ಹಾಕಿ ಬರುವ ಬೆರಳಚ್ಚಿನಂಥ ಗುರುತು, ತೆಗೆದು, ಆ 64 ಅಕ್ಷರಗಳನ್ನು ಕಂಪನಿಯ ಸೈಟ್‌ನಲ್ಲಿ ಹಾಕಿಸುತ್ತೇನೆ. ಒಳಗೆ ಒಂದು ಅಂಕಿ ಬದಲಾದರೂ ಹ್ಯಾಶ್ ಹೊಂದುವುದಿಲ್ಲ. ಸೂಪರ್‌ವೈಸರ್ ತನ್ನ ಹತ್ತಿರದ ಫೈಲ್‌ನ ಹ್ಯಾಶ್ ಸೈಟ್‌ನಲ್ಲಿರುವುದಕ್ಕೆ ಹೊಂದುತ್ತದೆಯೇ ಅಂತ ನೋಡಿಯೇ ಫೈಲ್ ಹಂಚಬೇಕು.

ಇನ್ನೊಂದು ವಿಷಯ. ವೆಬ್ ಪುಟ ತಿದ್ದಿದರೂ ಫೋನಿನಲ್ಲಿರುವ ಪ್ರತಿ ಹಾಗೇ ಉಳಿಯುತ್ತದೆ. ಆದ್ದರಿಂದ ಪ್ರತಿ ಅಧ್ಯಾಯದ ಮೇಲೂ ಆವೃತ್ತಿ ಮತ್ತು ತಾರೀಖು ಹಾಕಿಸಿ, ಮುಖಪುಟದಲ್ಲಿ ಮಾತ್ರ ಅಲ್ಲ. ಕೆಲಸದ ಮಧ್ಯೆ ಮುಖಪುಟ ಯಾರೂ ತೆರೆಯುವುದಿಲ್ಲ.