ಅಮ್ಮನ ಹಾಸಿಗೆಯ ಸುತ್ತ ಏಳು ಮಕ್ಕಳು

ಕೆಲವು ವರ್ಷದ ಹಿಂದೆ ಅಮ್ಮನಿಗೆ ಕಫ ಕಟ್ಟಿ, ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆವು. ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆಯವರಿಗೆ ಅದು ಹೊಸತಲ್ಲ. ಕುಂಬಳೆಯಲ್ಲಿ ರೈಲು ಹತ್ತಿ ಸೆಂಟ್ರಲ್‌ನಲ್ಲಿ ಇಳಿದರೆ ಆಸ್ಪತ್ರೆಗೆ ನಡೆದೇ ಹೋಗಬಹುದು.

ಬೆಳಿಗ್ಗೆ ರೌಂಡ್ಸಿಗೆ ದೊಡ್ಡ ಡಾಕ್ಟರ ಹಿಂದೆ ಬಿಳಿ ಕೋಟಿನ ಏಳು ಮಕ್ಕಳು ಬರುತ್ತಿದ್ದರು. ಒಬ್ಬಳು ಹುಡುಗಿ ಸ್ಟೆತಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಆಮೇಲೆ ಅಮ್ಮನ ಬೆನ್ನಿಗೆ ಇಟ್ಟಳು. ಕನ್ನಡ ಅವಳಿಗೆ ಹೊಸತು. "ಅಮ್ಮಾ, ಉಸಿರು ದೊಡ್ಡದು" ಅಂದಳು. "ತೆಗೀತೇನೆ ಮಗಾ, ನೀನು ಸರಿಯಾಗಿ ಕೇಳು" ಅಂದರು ಅಮ್ಮ. ಅವಳಿಗೆ ಸದ್ದು ಸಿಕ್ಕಲಿಲ್ಲ. ಅಮ್ಮ ಮತ್ತೆ ಮತ್ತೆ ಉಸಿರೆಳೆದರು. ನಾಲ್ಕನೇ ಸಲಕ್ಕೆ ಹುಡುಗಿಯ ಮುಖ ಅರಳಿತು.

ಆ ಮಕ್ಕಳು ಓದುವ ಕಸ್ತೂರ್ಬಾ ಮೆಡಿಕಲ್ ಕಾಲೇಜು ಮಂಗಳೂರಿಗೆ ಬಂದದ್ದೇ ಇದಕ್ಕಾಗಿ. ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಾಲೇಜು ಶುರು ಮಾಡಿದರು. ಪಾಠ ಹೇಳಲು ಕಟ್ಟಡ ಸಾಕು, ವೈದ್ಯ ಕಲಿಯಲು ರೋಗಿಗಳು ಬೇಕಲ್ವಾ? ಅಲ್ಲಿ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲ. ಹಾಗಾಗಿ 1955ರಲ್ಲಿ ಮಕ್ಕಳನ್ನು ಮಂಗಳೂರಿನ ಈ ಸರಕಾರಿ ಆಸ್ಪತ್ರೆಗೆ ಕಳಿಸಿದರು. ಮರುವರ್ಷವೇ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿ ಬಂದರೂ ನಮ್ಮ ರೋಗಿಗಳು ಮಂಗಳೂರಿಗೆ ಹೋಗುವುದು ನಿಲ್ಲಲಿಲ್ಲ. ಆಮೇಲೆ ಕಾಲೇಜಿಗೆ ಅತ್ತಾವರದಲ್ಲಿ, ಅಂಬೇಡ್ಕರ್ ವೃತ್ತದಲ್ಲಿ ಸ್ವಂತ ಆಸ್ಪತ್ರೆಗಳಾದವು. ಈಗ ಆ ಕಾಲೇಜು ಸೇರಿರುವ, ಮಣಿಪಾಲದ ಮಾಹೆ ವಿಶ್ವವಿದ್ಯಾಲಯದ ಮಂಗಳೂರು ಕ್ಯಾಂಪಸ್ ಅಂದರೆ ಅದೇ ಒಂದು ಲೋಕ. ಅದು ಬೆಳೆದ ಕಥೆಯಲ್ಲಿ ಹಾಸಿಗೆಯ ಮೇಲೆ ಮಲಗಿದವರ ಪಾಲೂ ಇದೆ. ಅವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ. ನನಗೆ ಅದು ಕಾಡುತ್ತದೆ.

ನಮ್ಮಲ್ಲೇ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಅಡಿಗಲ್ಲು ಹಾಕಿದರು. ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರುಗಳ ನಡುವೆ. ಕಾದೆವು, ತುಂಬಾ ಕಾದೆವು. 2020ರಲ್ಲಿ ಕೊರೋನಾ ಬಂದು, ಗಡಿಯ ತಲಪಾಡಿಯಲ್ಲಿ ಮಂಗಳೂರಿನ ರಸ್ತೆ ಮುಚ್ಚಿದಾಗ ಸ್ವಂತದ್ದೊಂದು ಬೇಕು ಅನ್ನುವುದು ಎಲ್ಲರಿಗೂ ಅರ್ಥವಾಯಿತು. ಅರ್ಧ ಮುಗಿದ ಆ ಕಾಲೇಜಿನ ಕಟ್ಟಡವನ್ನೇ ಆಗ ಕೊರೋನಾ ಆಸ್ಪತ್ರೆ ಮಾಡಿದರು. ಎಂಬಿಬಿಎಸ್‌ಗೆ 50 ಸೀಟು ಸಿಕ್ಕಿದ್ದು 2025ರಲ್ಲಿ.

ಮೊನ್ನೆ ಪೆರ್ಲಕ್ಕೆ ಹೋಗುವಾಗ ಅಮ್ಮ ಬಸ್ಸಿನ ಕಿಟಕಿಯಿಂದ ಆ ಕಟ್ಟಡ ನೋಡಿ, "ಇಲ್ಲಿಗೆ ಮಕ್ಕಳು ಬಂದರಾ?" ಎಂದು ಕೇಳಿದರು.

"ಬಂದರು, ಐವತ್ತು ಜನ."

"ಹಾಗಾದರೆ ಮುಂದಿನ ಸಲ ನನ್ನನ್ನು ಇಲ್ಲಿಗೇ ಕರ್ಕೊಂಡು ಬಾ."