ಸಿಕ್ಕ ಪುಸ್ತಕ ಓದುವ ಸುಖ

ಯಾವ ಪುಸ್ತಕ ಓದಲಿ ಅಂತ ಈಗ ನಾನು ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಎಲ್ಲರೂ ಹೇಳುವುದು ಅವೇ ಹೆಸರುಗಳು. ಆನ್‌ಲೈನ್ ಅಂಗಡಿಯೂ ಅಷ್ಟೇ, ಹೋದ ಸಲ ಕೊಂಡದ್ದರ ಅಣ್ಣತಮ್ಮಂದಿರನ್ನೇ ತಂದು ಮುಂದಿಡುತ್ತದೆ.

ಅದಕ್ಕೇ ಲೈಬ್ರರಿಗೆ ಹೋಗುವ ಮೊದಲೇ ಮನಸ್ಸಿನಲ್ಲಿ ನಿರ್ಧರಿಸಿಬಿಡುತ್ತೇನೆ: ಮೂರನೇ ಬೀರು, ಕೆಳಗಿನ ಸಾಲು, ಎಡದಿಂದ ಏಳನೆಯದು. ಯಾವುದೇ ಇರಲಿ, ಬೆನ್ನುಡಿ ಓದದೆ ತರಬೇಕು, ಇಪ್ಪತ್ತು ಪುಟ ಓದಲೇಬೇಕು. ಹಿಡಿಸದಿದ್ದರೆ ವಾಪಸ್, ಬೇಜಾರೇನಿಲ್ಲ.

ಲೈಬ್ರರಿಯಲ್ಲಿ ವಿಷಯಕ್ಕೊಂದು ನಂಬರು ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರು 894.814. ವರ್ಷಗಟ್ಟಲೆ ನನ್ನ ಕಾಲು ಅಲ್ಲಿಗೇ ಹೋಗುತ್ತಿತ್ತು. ಹೀಗೆ ಆರಿಸಲು ಶುರುಮಾಡಿದ ಮೇಲೆ ಒಮ್ಮೆ 580ರ ಹತ್ತಿರ, ಅಂದರೆ ಗಿಡಮರಗಳ ಸಾಲಿನಲ್ಲಿ, ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೈಗೆ ಬಂತು. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ, ಆದರೂ ಸಸ್ಯಶಾಸ್ತ್ರ ನನಗಲ್ಲ ಅಂತ ಅತ್ತ ತಿರುಗಿಯೂ ನೋಡಿರಲಿಲ್ಲ. ಮೇಷ್ಟ್ರು ವಿದ್ಯಾರ್ಥಿಗಳ ಜೊತೆ ಕಾಡು ಸುತ್ತುತ್ತಾ, ನಗಿಸುತ್ತಾ, ಒಂದೊಂದೇ ಗಿಡದ ಗುರುತು ಹೇಳಿಕೊಡುತ್ತಾರೆ, ಜೊತೆಗೆ ಅವರೇ ಬರೆದ ಚಿತ್ರಗಳು. ಇಪ್ಪತ್ತು ಪುಟದ ಲೆಕ್ಕ ಅವತ್ತು ಮರೆತೇಹೋಯಿತು!

ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದರು. ಓದುಗರನ್ನು ಕಪಾಟಿನ ತನಕ ಬಿಡಿ ಅಂತ ಅವರು ಹಟ ಹಿಡಿದದ್ದೂ ಅದಕ್ಕೇ ಅಲ್ವಾ? ಬೀಗ ಹಾಕಿದ ಗಾಜಿನ ಬೀರು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೆಸರು ಗೊತ್ತಿಲ್ಲದ ಪುಸ್ತಕವನ್ನು ಚೀಟಿಯಲ್ಲಿ ಬರೆದು ಕೇಳುವುದಾದರೂ ಹೇಗೆ?