ಮೂರ್ತಿಯನ್ನು ಮುಖದಿಂದ ಶುರುಮಾಡಬೇಡಿ: ಗ್ರೀಕ್ ಶಿಲ್ಪಿಗಳ ಉಳಿ ಗುರುತು ಹೇಳುವ ಪಾಠ

ಅಮೃತಶಿಲೆ ಕೆಲಸಕ್ಕೆ ಹೊಸದಾಗಿ ಬಂದವರ ಕೈ ಮೊದಲು ಹೋಗುವುದೇ ಮುಖದ ಕಡೆಗೆ. ಕಣ್ಣು ಮೂಗು ಮೂಡಿದರೆ ಅರ್ಧ ಕೆಲಸ ಆದಂತೆ ಅನ್ನಿಸುತ್ತದೆ. ಆಮೇಲೆ ಭುಜ ಇಳಿಸುವಾಗ ಕಲ್ಲು ಸಾಲುವುದಿಲ್ಲ, ಕತ್ತು ಒಂದು ಪಕ್ಕಕ್ಕೆ ವಾಲಿರುತ್ತದೆ, ಆಗ ಮುಖವನ್ನೇ ಕಡಿಯಬೇಕಾಗುತ್ತದೆ. ಹಳೆಯ ಗ್ರೀಕ್ ಶಿಲ್ಪಿಗಳು ಅರ್ಧಕ್ಕೆ ಬಿಟ್ಟ ಮೂರ್ತಿಗಳನ್ನು ನೋಡಿ ಎಂದು ನಾವು ಹೇಳುವುದು ಇದಕ್ಕೇ. ಮುಗಿದ ಮೂರ್ತಿಯಲ್ಲಿ ಉಳಿಯ ಗುರುತು ಉಜ್ಜಿಹೋಗಿರುತ್ತದೆ. ಮುಗಿಯದ್ದರಲ್ಲಿ ಒಂದೊಂದು ಪೆಟ್ಟೂ ಹಾಗೇ ಉಳಿದಿರುತ್ತದೆ.

ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ನಾಕ್ಸೋಸ್ ದ್ವೀಪದ ಅಂಥದೊಂದು ಯುವಕನ ಮೂರ್ತಿ ಇದೆ, ಕ್ರಿ.ಪೂ. 6ನೇ ಶತಮಾನದ್ದು. ಮೈತುಂಬ ಮೊನೆಯುಳಿಯ ಗುಳಿಗಳು. ಮುಖ ಒಂದು ಹಂತ, ಕಾಲು ಇನ್ನೊಂದು ಹಂತ ಎಂದಿಲ್ಲ. ದಪ್ಪ ಕಂಬಳಿ ಹೊದ್ದ ಮನುಷ್ಯನಂತೆ ಇಡೀ ಆಕೃತಿ ಒಟ್ಟಿಗೆ ಕಾಣುತ್ತದೆ. ಕೆಲಸದ ಕ್ರಮ ಇಷ್ಟು: ಕಲ್ಲಿನ ದಿಮ್ಮಿಯ ನಾಲ್ಕು ಬದಿಯ ಮೇಲೂ ರೇಖೆ ಹಾಕುವುದು, ನಾಲ್ಕೂ ಕಡೆಯಿಂದ ಒಂದು ಪದರ ಇಳಿಸುವುದು, ಅಳಿಸಿಹೋದ ರೇಖೆಯನ್ನು ಮತ್ತೆ ಬರೆಯುವುದು, ಇನ್ನೊಂದು ಸುತ್ತು ಇಳಿಸುವುದು. ಒಳಗೆ ಬಿರುಕು ಸಿಕ್ಕರೆ ಆಕೃತಿಯನ್ನು ಎರಡು ಬೆರಳು ಆಚೆ ಸರಿಸಲು ಕೊನೆಯ ಸುತ್ತುಗಳವರೆಗೂ ಅವಕಾಶ ಇರುತ್ತದೆ. ಮೊದಲೇ ಮುಖ ಮುಗಿಸಿದವರಿಗೆ ಈ ಅವಕಾಶ ಇಲ್ಲ.

ತೂಕದ ಲೆಕ್ಕ ನೋಡಿ. ಅಮೃತಶಿಲೆ ಘನ ಮೀಟರಿಗೆ ಸುಮಾರು 2.7 ಟನ್. 2 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ, ಅಷ್ಟೇ ದಪ್ಪದ ದಿಮ್ಮಿ ಎರಡು ಟನ್ನಿಗೆ ಸ್ವಲ್ಪ ಕಡಿಮೆ. ಅದರಿಂದ ಹೊರಬರುವ ಆಳೆತ್ತರದ ಮೂರ್ತಿ, ಪೀಠ ಬಿಟ್ಟರೆ, 200-250 ಕಿಲೋ. ಉಳಿದದ್ದೆಲ್ಲ ಚಕ್ಕೆ. ಆದ್ದರಿಂದಲೇ ಅವರು ಒರಟು ಆಕಾರವನ್ನು ಕ್ವಾರಿಯಲ್ಲೇ ಬಿಡಿಸಿ ಸಾಗಿಸುತ್ತಿದ್ದರು. ಅದರಲ್ಲೂ ಅಪಾಯ ಇತ್ತು. ನಾಕ್ಸೋಸ್‌ನ ಅಪೋಲೋನಾಸ್ ಕ್ವಾರಿಯಲ್ಲಿ ಸುಮಾರು 10.5 ಮೀಟರ್ ಉದ್ದದ ಗಡ್ಡದ ಮೂರ್ತಿ ಇವತ್ತಿಗೂ ಮಲಗಿದ ಜಾಗದಲ್ಲೇ ಇದೆ, ಮೈಮೇಲೆ ಬಿರುಕುಗಳು. ಅದೇ ದ್ವೀಪದ ಫ್ಲೇರಿಯೋದಲ್ಲಿ ಇನ್ನೊಂದು, ಕಾಲು ಮುರಿದದ್ದು. ಕಲ್ಲು ಕೊಳ್ಳುವ ಮುಂಚೆ ಸುತ್ತಿಗೆಯಿಂದ ತಟ್ಟಿ ಕೇಳಿ: ಗಟ್ಟಿ ಕಲ್ಲು ಗಂಟೆಯಂತೆ ದನಿ ಕೊಡುತ್ತದೆ, ಬಿರುಕಿದ್ದರೆ ಬೊದ್ದು ಸದ್ದು. ನೀರು ಸುರಿದು ಕಾಯಿರಿ. ಮೇಲ್ಮೈ ಒಣಗಿದ ಮೇಲೂ ಕಪ್ಪಗೆ ಉಳಿಯುವ ಗೆರೆಯೇ ಬಿರುಕು. ಅಥೆನ್ಸ್ ಬಳಿಯ ಪೆಂಟೆಲಿಕಾನ್ ಬೆಟ್ಟದ ಕಲ್ಲಿನಲ್ಲಿ ಅಭ್ರಕದ ಎಳೆಗಳೂ ಓಡುತ್ತವೆ. ಎಳೆ ಕಣಕಾಲಿಗೆ ಅಡ್ಡ ಬಂದರೆ ಆ ಮೂರ್ತಿ ನಿಲ್ಲುವುದಿಲ್ಲ.

ಇನ್ನು ಪೆಟ್ಟಿನ ವಿಷಯ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಮೊನೆಯುಳಿಯನ್ನು ಕಲ್ಲಿಗೆ ನೆಟ್ಟಗೆ ಹಿಡಿದು ಹೊಡೆದರೆ ಚಕ್ಕೆ ಹಾರುವುದರ ಜೊತೆಗೆ ಕೆಳಗಿನ ಹರಳುಗಳೂ ಜಜ್ಜಿಹೋಗುತ್ತವೆ. ಗುಳಿಯ ತಳದಲ್ಲಿ ಸುಣ್ಣದಂಥ ಬಿಳಿ ಚುಕ್ಕೆ ಕೂರುತ್ತದೆ. ಅದು ಬಣ್ಣವಲ್ಲ, ಗಾಯ. ಕೆಲವು ಮಿಲಿಮೀಟರ್ ಆಳಕ್ಕೆ ಇಳಿದಿರುತ್ತದೆ, ಎಷ್ಟು ಉಜ್ಜಿದರೂ ಹೊಳಪಿನ ಕೆಳಗೆ ಕಾಣುತ್ತಲೇ ಇರುತ್ತದೆ. ಉಳಿಯನ್ನು ಓರೆ ಹಿಡಿದರೆ ಚಕ್ಕೆ ಪಕ್ಕಕ್ಕೆ ಎದ್ದು ಬರುತ್ತದೆ, ಗಾಯ ಕಡಿಮೆ. ಕೊನೆಯ ಮೇಲ್ಮೈಗೆ ಒಂದು ಬೆರಳು ಕಲ್ಲು ಉಳಿದಿರುವಾಗಲೇ ನೆಟ್ಟ ಪೆಟ್ಟು ನಿಲ್ಲಿಸಿ.

ಕ್ರಿ.ಪೂ. 6ನೇ ಶತಮಾನದ ನಡುಭಾಗದ ಹೊತ್ತಿಗೆ ಗ್ರೀಕರ ಕೈಗೆ ಹಲ್ಲುಳಿ ಬಂತು. ಸಾಲು ಹಲ್ಲಿನ ಈ ಉಳಿ ಮೊನೆಯುಳಿಯ ಏರುತಗ್ಗನ್ನು ಬಾಚಿದಂತೆ ಸಮ ಮಾಡುತ್ತದೆ. ಒಂದೇ ದಿಕ್ಕಿಗೆ ಓಡಿಸಿದರೆ ಗೀರು ಆಳವಾಗುತ್ತದೆ. ಮುಂದಿನ ಸಾಲು ಹಿಂದಿನದಕ್ಕೆ ಅಡ್ಡ ಬರಲಿ. ಅದಾದ ಮೇಲೆ ಚಪ್ಪಟೆ ಉಳಿ, ಬಳಿಕ ನಾಕ್ಸೋಸ್‌ನಲ್ಲೇ ಸಿಗುತ್ತಿದ್ದ ಎಮರಿ ಎಂಬ ಗಟ್ಟಿ ಉಜ್ಜುಗಲ್ಲಿನಿಂದ ಉಜ್ಜುವುದು. ಬಟ್ಟೆಯ ಆಳದ ನೆರಿಗೆಗೆ ಉಳಿ ಹೋಗದು. ಅಲ್ಲಿ ಬೈರಿಗೆಯಿಂದ ಸಾಲಾಗಿ ತೂತು ಕೊರೆದು ನಡುವಿನ ಗೋಡೆಗಳನ್ನು ಒಡೆಯುತ್ತಿದ್ದರು. ತೂತುಗಳ ಆಳ ಒಂದೇ ಇಲ್ಲದಿದ್ದರೆ ನೆರಿಗೆಯ ತಳದಲ್ಲಿ ದುಂಡು ಗುಳಿಗಳು ಉಳಿದುಬಿಡುತ್ತವೆ. ಎಷ್ಟೋ ಮೂರ್ತಿಗಳಲ್ಲಿ ಉಳಿದೂ ಇವೆ.

ಚಾಚಿದ ಕೈಯನ್ನು ಅದೇ ದಿಮ್ಮಿಯಿಂದ ತೆಗೆಯುವ ಹಟ ಅವರಿಗೆ ಇರಲಿಲ್ಲ. ಅಥೆನ್ಸ್‌ನ ದೇಗುಲಗಳ ಗುಡ್ಡವಾದ ಅಕ್ರೊಪೊಲಿಸ್‌ನ ಕನ್ಯಾಮೂರ್ತಿಗಳಲ್ಲಿ ಹಲವಕ್ಕೆ ಮುಂಗೈ ಬೇರೆ ಕಲ್ಲಿನದು, ಕೊರೆದ ಗೂಡಿಗೆ ಸಿಕ್ಕಿಸಿದ್ದು. ಜೋಡಣೆಗೆ ಕಬ್ಬಿಣ ಬಳಸುವಲ್ಲಿ ಸುತ್ತಲೂ ಕರಗಿದ ಸೀಸ ಹೊಯ್ಯುತ್ತಿದ್ದರು. ಕಬ್ಬಿಣ ತುಕ್ಕು ಹಿಡಿದರೆ ಉಬ್ಬಿ ಕಲ್ಲನ್ನು ಸೀಳುತ್ತದೆ. ಸೀಸ ನೀರನ್ನು ತಡೆಯುತ್ತದೆ. ಅದೇ ಗುಡ್ಡದ ಪಾರ್ಥೆನಾನ್ ದೇಗುಲದ ಕಟ್ಟಡದಲ್ಲೂ ಹೀಗೇ ಮಾಡಿದ್ದರು. 20ನೇ ಶತಮಾನದ ಆರಂಭದ ದುರಸ್ತಿಯಲ್ಲಿ ಸೀಸವಿಲ್ಲದ ಕಬ್ಬಿಣ ಹಾಕಿದ್ದರಿಂದ ಹಳೆಯ ಕಲ್ಲುಗಳು ಒಡೆದವು, ಈಗ ಆ ಕಬ್ಬಿಣವನ್ನು ತೆಗೆದು ಟೈಟಾನಿಯಂ ಹಾಕುತ್ತಿದ್ದಾರೆ. ನೀವು ಸೀಸ ಹೊಯ್ಯುವುದಾದರೆ ಗೂಡು ಪೂರ್ತಿ ಒಣಗಿರಲಿ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೇವ ಇದ್ದರೆ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಹೊಗೆಯೂ ವಿಷ, ಬಯಲಲ್ಲೇ ಮಾಡಿ.

ಕಂಚಿನ ಮೂರ್ತಿ ಎರಡು ತೆಳು ಕಣಕಾಲಿನ ಮೇಲೆ ನಿಲ್ಲುತ್ತದೆ, ಕಲ್ಲು ನಿಲ್ಲದು. ಗ್ರೀಕ್ ಶಿಲ್ಪಿ ಪಾಲಿಕ್ಲೈಟೋಸ್ ಕಂಚಿನಲ್ಲಿ ಮಾಡಿದ ಭರ್ಜಿಧಾರಿಯನ್ನು ರೋಮನ್ನರ ಕಾಲದಲ್ಲಿ ಅಮೃತಶಿಲೆಗೆ ಇಳಿಸಿದಾಗ ಕಾಲಿನ ಪಕ್ಕ ಮರದ ಬೊಡ್ಡೆಯೊಂದು ಬಂತು. ಅದು ಅಲಂಕಾರವಲ್ಲ, ಊರುಗೋಲು.

ಕೆಲಸ ಹಂಚುವ ಬಗ್ಗೆ ಅಕ್ರೊಪೊಲಿಸ್‌ನ ಎರೆಕ್ಥಿಯಾನ್ ದೇಗುಲದ ಲೆಕ್ಕಪತ್ರಕ್ಕಿಂತ ಒಳ್ಳೆಯ ಪಾಠ ಇಲ್ಲ. ಕ್ರಿ.ಪೂ. 408-407ರ ಆಸುಪಾಸಿನ ಆ ಲೆಕ್ಕ ಕಲ್ಲಿನ ಮೇಲೇ ಕೆತ್ತಿದೆ. ಅಲ್ಲಿನ ಪಟ್ಟಿಕೆಯಲ್ಲಿ, ಅಂದರೆ ಗೋಡೆಯ ಮೇಲ್ಭಾಗದ ಉಬ್ಬುಶಿಲ್ಪದ ಸಾಲಿನಲ್ಲಿ, ಬಿಳಿ ಆಕೃತಿಗಳನ್ನು ಒಂದೊಂದಾಗಿ ಕೆತ್ತಿ, ಅಥೆನ್ಸ್ ಬಳಿಯ ಎಲ್ಯೂಸಿಸ್ ಊರಿನ ಕಪ್ಪು ಕಲ್ಲಿನ ಮೇಲೆ ಲೋಹದ ಕಡ್ಡಿಗಳಿಂದ ಕೂರಿಸಿದ್ದರು. ಒಂದು ಒಡೆದರೆ ಒಂದೇ ಹಾಳು, ಹತ್ತು ಜನ ಒಟ್ಟಿಗೆ ಕೂತು ಕೆತ್ತಬಹುದು. ಕೂಲಿ ದಿನದ ಲೆಕ್ಕದಲ್ಲಲ್ಲ, ಸಾಮಾನ್ಯವಾಗಿ ಆಕೃತಿಗೆ 60 ದ್ರಾಖ್ಮಾ, ಆಗಿನ ಗ್ರೀಕ್ ಬೆಳ್ಳಿ ನಾಣ್ಯ. ಅದೇ ಕಟ್ಟಡದಲ್ಲಿ ಕೆಲಸಗಾರನ ದಿನಗೂಲಿ ಒಂದು ದ್ರಾಖ್ಮಾ. ರಥ, ಒಬ್ಬ ಯುವಕ, ಎರಡು ಕುದುರೆ ಕೆತ್ತಿದ ಆಂಟಿಫನೀಸ್‌ಗೆ 240. ಮಿನ್ನಿಯೋನ್ ಎಂಬುವನು ಕುದುರೆಯನ್ನೂ ಅದನ್ನು ಹೊಡೆಯುವವನನ್ನೂ ಕೆತ್ತಿ, ಆಮೇಲೆ ಒಂದು ಕಂಬವನ್ನೂ ಸೇರಿಸಿದ. ಅವನಿಗೆ ಕೊಟ್ಟದ್ದು 127. ಕಂಬದ 7 ದ್ರಾಖ್ಮಾವನ್ನೂ ಬಿಟ್ಟಿಲ್ಲ.